ಹೊಟ್ಟೆ ಕೊಯ್ಯುವ ಮುನ್ನ ಕತ್ತು ಮುಟ್ಟಿ ನೋಡಿ

ರಾತ್ರಿ ಪಾಳಿಯಲ್ಲಿ ಬೆಂಗಳೂರಿನ ಕ್ಯಾಶುಯಲ್ಟಿಗೆ ಹೊಟ್ಟೆನೋವು, ವಾಂತಿ, ಜ್ವರ ಎಂದು ಬಂದವರನ್ನು ಕಂಡರೆ ಮೊದಲು ನೆನಪಾಗುವುದು ಅಪೆಂಡಿಕ್ಸ್. ಸರ್ಜನ್‌ಗೆ ಫೋನ್ ಮಾಡಿ, ತಪ್ಪಿಲ್ಲ; ಆದರೆ ಥೈರಾಯ್ಡ್ ಕೆರಳಿದರೂ ಹೊಟ್ಟೆ ಹೀಗೇ ನೋಯಬಹುದು, ಹಾಗಾಗಿ ನಾಡಿಯನ್ನೂ ಹಿಡಿಯಿರಿ. ಜ್ವರಕ್ಕೆ ಹೊಂದದಷ್ಟು ವೇಗ, 140ರ ಆಚೆ ಇದ್ದು, ಭೇದಿ, ಕೈನಡುಕ, ತಳಮಳ, ಕಾಮಾಲೆಯೂ ಜೊತೆಗಿದ್ದರೆ ಕತ್ತಿನಲ್ಲಿ ಥೈರಾಯ್ಡ್ ಗಡ್ಡೆ ಇದೆಯೇ, ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ತಾಳ ತಪ್ಪಿದ ಬಡಿತ) ಇದೆಯೇ ನೋಡಿ. “ಅಮ್ಮಾ, ಥೈರಾಯ್ಡ್ ಮಾತ್ರೆ ತಗೋತಿದ್ರಾ? ಯಾವಾಗ ಬಿಟ್ರಿ?” ಎಂದು ಕೇಳಿ. ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆಯನ್ನು ಹಠಾತ್ತನೆ ಬಿಟ್ಟಿರುವುದು ಥೈರಾಯ್ಡ್ ಸ್ಟಾರ್ಮ್‌ಗೆ (ಹಾರ್ಮೋನ್ ವಿಪರೀತವಾಗಿ ಜೀವಕ್ಕೇ ಕುತ್ತಾಗುವ ಸ್ಥಿತಿ) ಸಾಮಾನ್ಯ ಕಾರಣ.

ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್) ಜೊತೆ ಥೈರಾಯ್ಡ್ ಹಾರ್ಮೋನುಗಳಾದ ಫ್ರೀ ಟಿ4, ಟಿ3ಗೂ ರಕ್ತ ಕಳಿಸಿ. ಏಕೆಂದರೆ ಬೇರೆ ಯಾವ ಗಂಭೀರ ಕಾಯಿಲೆಯಲ್ಲೂ ಟಿಎಸ್‌ಎಚ್ ಇಳಿಯಬಹುದು. ಲಕ್ಷಣಗಳಿಗೆ ಅಂಕ ಕೊಟ್ಟು ಸ್ಟಾರ್ಮ್ ಅಳೆಯುವ ಬರ್ಚ್-ವಾರ್ಟಾಫ್ಸ್ಕಿ ಅಂಕ 45 ಮುಟ್ಟಿದರೆ ರಿಪೋರ್ಟ್‌ಗೆ ಕಾಯದೆ ಚಿಕಿತ್ಸೆ ಶುರು ಮಾಡಿ. ನಾಡಿ ತಗ್ಗಿಸಲು ಪ್ರೊಪ್ರನೊಲಾಲ್ 60–80 ಮಿ.ಗ್ರಾಂ 4 ಗಂಟೆಗೊಮ್ಮೆ (ಆಸ್ತಮಾ, ಹೃದಯ ವೈಫಲ್ಯ ಇದ್ದರೆ ಎಚ್ಚರ). ಹಾರ್ಮೋನ್ ತಯಾರಿ ತಡೆಯಲು ಪ್ರೊಪೈಲ್‌ಥಯೊಯುರಾಸಿಲ್ ಮೊದಲಿಗೆ 500–1000 ಮಿ.ಗ್ರಾಂ, ಆಮೇಲೆ 4 ಗಂಟೆಗೊಮ್ಮೆ 250. ವಾಂತಿ ನಿಲ್ಲದಿದ್ದರೆ ರೈಲ್ಸ್ ಟ್ಯೂಬ್‌ನಲ್ಲಿ (ಮೂಗಿನಿಂದ ಹೊಟ್ಟೆಗಿಳಿಸುವ ನಳಿಕೆ). ಸ್ಟಿರಾಯ್ಡ್ ಆದ ಹೈಡ್ರೊಕಾರ್ಟಿಸೋನ್ 300 ಮಿ.ಗ್ರಾಂ ಐವಿ (ರಕ್ತನಾಳಕ್ಕೆ), ನಂತರ 8 ಗಂಟೆಗೊಮ್ಮೆ 100. ಲ್ಯೂಗಾಲ್ಸ್ ಅಯೋಡಿನ್ (ಅಯೋಡಿನ್ ದ್ರಾವಣ) ಕೊಡುವುದು ಪ್ರೊಪೈಲ್‌ಥಯೊಯುರಾಸಿಲ್ ಆಗಿ ಕನಿಷ್ಠ 1 ಗಂಟೆಯ ಮೇಲೆ. ಇಲ್ಲೇ ಎಡವುವುದು: ಮೊದಲೇ ಕೊಟ್ಟರೆ ಗ್ರಂಥಿ ಅದನ್ನೇ ಬಳಸಿ ಇನ್ನಷ್ಟು ಹಾರ್ಮೋನ್ ತಯಾರಿಸುತ್ತದೆ. ಸಿಟಿಯ ಕಾಂಟ್ರಾಸ್ಟ್‌ನಲ್ಲೂ ಅಯೋಡಿನ್ ಇರುವುದರಿಂದ ಮೊದಲು ಅಲ್ಟ್ರಾಸೌಂಡ್ ಮಾಡಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಿ, ಆಸ್ಪಿರಿನ್ ಬೇಡ. ಅದು ಪ್ರೋಟೀನಿಗೆ ಅಂಟಿದ ಹಾರ್ಮೋನನ್ನು ಬಿಡಿಸುತ್ತದೆ.

ಇಷ್ಟಾಗಿ, ನಿಜವಾದ ಅಪೆಂಡಿಸೈಟಿಸ್ಸೇ ಸ್ಟಾರ್ಮ್ ಎಬ್ಬಿಸಿರಬಹುದು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿದ್ದರೆ, ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿ ಕಂಡರೆ ಸರ್ಜರಿ ಆಗಲೇಬೇಕು. ಅನಸ್ತೇಷಿಯಾದವರಿಗೆ ಮೊದಲೇ ತಿಳಿಸಿ. ಉಳಿದವರ ಹೊಟ್ಟೆಯನ್ನು ಕೆಲವು ಗಂಟೆ ಬಿಟ್ಟು ಅದೇ ವೈದ್ಯರು ಮತ್ತೆ ಮುಟ್ಟಿ ನೋಡಲಿ.

ಥೈರಾಯ್ಡ್ ತೀರಾ ಕಡಿಮೆಯಾದಾಗ ಚಿತ್ರ ತಿರುಗುಮುರುಗು. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ ಕರುಳು ಕಟ್ಟಿದಂತೆ ಕಾಣುತ್ತದೆ, ಆದರೆ ತಡೆ ಎಲ್ಲೂ ಸಿಗುವುದಿಲ್ಲ. ಊದಿದ ಮುಖ, ಒಡಕು ದನಿ, ನಿಧಾನ ನಾಡಿ, ಕಡಿಮೆ ಸೋಡಿಯಂ ಸುಳಿವು. ಮೈ ತೀರಾ ತಣ್ಣಗಾಗಿದ್ದರೂ ಮಾಮೂಲಿ ಪಾದರಸದ ಥರ್ಮಾಮೀಟರ್ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತೋರಿಸುವುದಿಲ್ಲ. “ಮಾತ್ರೆ ದಿನಾ ತಗೋತೀನಿ” ಎಂದರೂ ಯಾವುದರ ಜೊತೆ ಎಂದು ಕೇಳಿ: ಫಿಲ್ಟರ್ ಕಾಫಿಯೊಂದಿಗೆ ನುಂಗಿದರೆ ಹೀರಿಕೆ ಕುಗ್ಗುತ್ತದೆ. ಮೊದಲು ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ, ಆಮೇಲೆ ಥೈರಾಯ್ಡ್ ಹಾರ್ಮೋನ್ ಆದ ಲೆವೊಥೈರಾಕ್ಸಿನ್ 200–400 ಮೈಕ್ರೋಗ್ರಾಂ ಐವಿ. ವಯಸ್ಸಾದವರಿಗೆ, ಹೃದ್ರೋಗಿಗಳಿಗೆ ಕಡಿಮೆ ಅಳತೆ. ಓಪಿಯಾಯ್ಡ್ (ಮಾರ್ಫಿನ್‌ನಂಥ ನೋವುಶಾಮಕ) ಬೇಡ. ಕರುಳು ಚಲಿಸಲು ನಿಯೋಸ್ಟಿಗ್ಮಿನ್ ಕೊಡಲೇಬೇಕಾದರೆ, ನಾಡಿ ಕುಸಿದೀತೆಂದು ಅಟ್ರೊಪಿನ್ ಕೈಯಲ್ಲಿರಲಿ. ಸೀಕಮ್ (ದೊಡ್ಡ ಕರುಳಿನ ಮೊದಲ ಭಾಗ) ಉಬ್ಬಿ 12 ಸೆಂ.ಮೀ. ದಾಟಿದರೆ ಒಡೆಯುವ ಭಯವಿದೆ. ಸರ್ಜನ್ ತಕ್ಷಣ ಬರಬೇಕು.