ಆರತಿ ನೀರು ಕೆಂಪಾಗುವುದು ಯಾಕೆ? ಮಕ್ಕಳ ಜೊತೆ ನನ್ನ ಅಡುಗೆಮನೆ ಪ್ರಯೋಗಗಳು

ಮನೆಯಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಅಂದರೆ ಎಲ್ಲರೂ ಮೊದಲು ಹಿಡಿಯುವುದು ವಿನೆಗರ್-ಸೋಡಾ ಜ್ವಾಲಾಮುಖಿಯನ್ನು. ನೊರೆ ಉಕ್ಕುತ್ತದೆ, ಚಪ್ಪಾಳೆ ಬೀಳುತ್ತದೆ, ಪ್ರಶ್ನೆ ಮಾತ್ರ ಹುಟ್ಟುವುದಿಲ್ಲ. ಅದಕ್ಕೇ ನಾನು ಮಗಳಿಗೂ ಅಕ್ಕನ ಮಗನಿಗೂ ಆರತಿ ನೀರಿನಿಂದ ಶುರು ಮಾಡಿದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು ಅನ್ನುವುದು ಅವರಿಗೆ ಗೊತ್ತೇ ಇತ್ತು. ಬೇರೆ ಏನು ಸೇರಿಸಿದರೆ ಕೆಂಪಾದೀತು?

ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗದು, ಆಲ್ಕೋಹಾಲಿನಲ್ಲಿ ಕರಗುತ್ತದೆ. ಅರ್ಧ ಚಮಚ ಪುಡಿಗೆ ನೀರಾದ ಸ್ಯಾನಿಟೈಸರ್ ಹಾಕಿ, ಒಲೆಯಿಂದ ದೂರ ಕೂತು ನಾನೇ ಕಲಸಿದೆ. ಬಿಳಿ ಕಾಗದದ ಪಟ್ಟಿಗಳನ್ನು ಅದರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದೆವು. ಬಿಸಿಲಿಗೆ ಅರಿಶಿನದ ಬಣ್ಣ ಹಾರುತ್ತದೆ.

ನಿಯಮ ಒಂದೇ: ಹನಿ ಹಾಕುವ ಮೊದಲು ಏನಾಗುತ್ತದೆ ಅಂತ ಹೇಳಬೇಕು. ನಿಂಬೆರಸ, ಹುಣಸೆಹುಳಿ, ಮಜ್ಜಿಗೆಗೆ ಪಟ್ಟಿ ಹಳದಿಯಾಗೇ ಉಳಿಯಿತು. ಅಡುಗೆ ಸೋಡಾಕ್ಕೆ ತುಸು ಕಿತ್ತಳೆ ಛಾಯೆ, ಬಟ್ಟೆ ಸೋಪಿಗೆ ಕೆಂಪು, ಸುಣ್ಣದ ತಿಳಿಗೆ ಗಾಢ ಕೆಂಪು. ಮೂರೂ ಪ್ರತ್ಯಾಮ್ಲೀಯವೇ, ಅಂದರೆ ಹುಳಿಗೆ ವಿರುದ್ಧ ಗುಣದವು. ಅರಿಶಿನ ಕೆಂಪಾಗುವುದು ಅದಕ್ಕೇ, ಬಲ ಮಾತ್ರ ಬೇರೆ. ಈ ಬಲವನ್ನು ಅಳೆಯುವ ಅಂಕಿ ಪಿಎಚ್: 7 ಅಂದರೆ ಹುಳಿಯೂ ಅಲ್ಲ, ಪ್ರತ್ಯಾಮ್ಲವೂ ಅಲ್ಲ, ಮೇಲೆ ಹೋದಷ್ಟೂ ಪ್ರತ್ಯಾಮ್ಲದ ಬಲ ಹೆಚ್ಚು. ಸೋಡಾ ನೀರಿನ ಪಿಎಚ್ 8ರ ಆಸುಪಾಸು, ಸುಣ್ಣದ ತಿಳಿಯದು 12 ದಾಟುತ್ತದೆ. ಕಣ್ಣಿಗೆ ಬಿದ್ದರೆ ಅಪಾಯವಾದ್ದರಿಂದ ಸುಣ್ಣವನ್ನು ಮಕ್ಕಳ ಕೈಗೆ ಕೊಡಲೇ ಇಲ್ಲ.

ಕೆಂಪಾದ ಪಟ್ಟಿಯ ಮೇಲೆ ಮಗಳು ನಿಂಬೆರಸದ ಹನಿ ಬಿಟ್ಟಳು. ಹನಿ ಹರಡಿದಷ್ಟೂ ಹಳದಿ, ಸುತ್ತ ಕೆಂಪು ಅಂಚು. ಅಷ್ಟರಲ್ಲಿ ಅಕ್ಕನ ಮಗ, "ಚಿಕ್ಕಮ್ಮಾ, ಯೂನಿಫಾರ್ಮ್ ಮೇಲಿನ ಸಾರಿನ ಕಲೆ ಸೋಪು ಹಚ್ಚಿದರೆ ಕೆಂಪಾಗೋದೂ ಇದಕ್ಕೇನಾ?" ಅಂದ. ನನಗೆ ಬೇಕಾಗಿದ್ದದ್ದು ಇಂಥ ಪ್ರಶ್ನೆಯೇ. ಹಳೇ ಬಟ್ಟೆಗೆ ಸಾರು ಚೆಲ್ಲಿ, ಸೋಪು ಹಚ್ಚಿ, ಅವನೇ ನೋಡಿಕೊಂಡ.

ಹುಳಿಗೆ ಅರಿಶಿನ ಬಣ್ಣ ಬದಲಿಸುವುದಿಲ್ಲ, ಅದಕ್ಕೆ ಕೆಂಪು ದಾಸವಾಳ ಬೇಕು. ಎಸಳುಗಳನ್ನು ಬಿಸಿನೀರಲ್ಲಿ ನೆನೆಸಿ ಸೋಸಿದರೆ ಸಾಕು. ನಿಂಬೆರಸಕ್ಕೆ ಢಾಳಾದ ಗುಲಾಬಿ, ಸೋಡಾಕ್ಕೆ ಹಸಿರು. ಹಸಿರು ಲೋಟಕ್ಕೆ ಹನಿಹನಿಯಾಗಿ ನಿಂಬೆ ಹಿಂಡುತ್ತಾ ಹೋದರೆ ಗುಳ್ಳೆ ಏಳುತ್ತಾ ಬಣ್ಣ ಮತ್ತೆ ಗುಲಾಬಿಗೆ ತಿರುಗುತ್ತದೆ. ಗುಳ್ಳೆಯಲ್ಲಿರುವುದು ಇಂಗಾಲದ ಡೈಆಕ್ಸೈಡ್. ಜ್ವಾಲಾಮುಖಿಯ ನೊರೆಯಲ್ಲಿರುವುದೂ ಅದೇ, ಆದರೆ ಇಲ್ಲಿ ಹುಳಿ ಸೋಡಾವನ್ನು ಹೇಗೆ ಮುಗಿಸುತ್ತದೆ ಅಂತ ಬಣ್ಣವೇ ಹೇಳುತ್ತದೆ.

ದಾಸವಾಳದ ನೀರು ಬೇಗ ಕೆಡುತ್ತದೆ, ಬೇಕಾದಾಗ ಹೊಸದಾಗಿ ಮಾಡಿಕೊಳ್ಳಿ. ಅರಿಶಿನದ ಪಟ್ಟಿಗಳನ್ನು ಒಣ ಡಬ್ಬಿಯಲ್ಲಿ, ಬೆಳಕು ತಾಗದ ಹಾಗೆ ಇಟ್ಟರೆ ಆಯಿತು.