ಆಗುಂಬೆಗೆ ಸೈಕಲ್, ನಡಿಗೆ ಅಂತ ಹೋಗುವವರಿಗೆ ಒಂದೆರಡು ಮಾತು

ಉಡುಪಿಯಿಂದ ಗುಂಪು ಕಟ್ಟಿಕೊಂಡು ಹೊರಟಿದ್ದೀರಾ? ದಿನಕ್ಕೊಂದು ಜಾಗ ಬದಲಿಸಬೇಡಿ. ಘಟ್ಟದ ಮೇಲೆ ಒಂದೇ ಹೋಂಸ್ಟೇ ಹಿಡಿದು ಎರಡು ರಾತ್ರಿ ಉಳಿಯಿರಿ. ಲಗೇಜ್ ಹೊರುವ ಕೆಲಸವೇ ಇಲ್ಲ. ಸೈಕಲ್‌ನವರು ತೀರ್ಥಹಳ್ಳಿ ರಸ್ತೆ ಹಿಡಿಯಲಿ, ನಡೆಯುವವರು ಕುಂದಾದ್ರಿ ಹತ್ತಿ ಬಸದಿ ನೋಡಿ ಬರಲಿ. ಸಂಜೆ ಎಲ್ಲರೂ ಒಂದೇ ಜಗಲಿಯಲ್ಲಿ ಕೂತು ಕಷಾಯ ಕುಡಿಯಬಹುದು, ಅಲ್ವಾ?

ಘಟ್ಟದ ಬುಡದ ಸೋಮೇಶ್ವರ ದಾಟಿದ ಮೇಲೆ 14 ಹೇರ್‌ಪಿನ್ ತಿರುವು. ಹತ್ತುವುದಕ್ಕೆ ಎಲ್ಲರೂ ಹೆದರುತ್ತಾರೆ. ನಿಜವಾದ ಅಪಾಯ ಇರುವುದು ಇಳಿಯುವಾಗ. ಬ್ರೇಕ್ ಒತ್ತಿ ಹಿಡಿದೇ ಇಳಿದರೆ ರಿಮ್ ಕಾಯುತ್ತದೆ. ನಮ್ಮ ಹುಡುಗನೊಬ್ಬ ಅರ್ಧ ಘಟ್ಟದಲ್ಲಿ ನಿಂತು ರಿಮ್ ಮುಟ್ಟಿದವನು ಥಟ್ಟನೆ ಕೈ ಎಳೆದುಕೊಂಡ, ಅಷ್ಟು ಬಿಸಿ. ತಿರುವು ಬರುವ ಮೊದಲೇ ವೇಗ ಇಳಿಸಿ. ಎರಡೂ ಬ್ರೇಕ್ ಒತ್ತಿ ಬಿಡಿ, ಮತ್ತೆ ಒತ್ತಿ ಬಿಡಿ. ಬಸ್ಸು ತಿರುಗಲು ಇಡೀ ರಸ್ತೆ ಬೇಕು, ಆಗ ಬದಿಗೆ ನಿಂತುಬಿಡಿ. ಮಂಜು ದಟ್ಟವಾಗಿದ್ದರೆ ಸುಮ್ನೆ ಹಟ ಬೇಡ, ಸೈಕಲ್‌ಗಳನ್ನು ಪಿಕಪ್‌ಗೆ ಏರಿಸಿ. ಪಂಕ್ಚರ್ ಕಿಟ್ ಎಲ್ಲರಿಗಿಂತ ಹಿಂದೆ ಬರುವವರ ಹತ್ತಿರ ಇರಲಿ.

ಮಳೆಗಾಲದಲ್ಲಿ ಇಂಬಳ, ಅಂದ್ರೆ ಜಿಗಣೆ, ಜಾಸ್ತಿ. ಹಳೇ ಬಟ್ಟೆಯಲ್ಲಿ ಉಪ್ಪು ಕಟ್ಟಿ, ಒದ್ದೆ ಮಾಡಿ, ಕೋಲಿನ ತುದಿಗೆ ಬಿಗಿದುಕೊಳ್ಳಿ. ಕಾಲಿಗೆ ಹತ್ತಿದ ಇಂಬಳಕ್ಕೆ ತಾಗಿಸಿದರೆ ಉದುರುತ್ತದೆ.

ಕುದುರೆಮುಖ ಚಾರಣವನ್ನೂ ಸೇರಿಸುವುದಾದರೆ ಅರಣ್ಯ ಇಲಾಖೆಯ ಆನ್‌ಲೈನ್ ಅನುಮತಿ ಮೊದಲು ಮಾಡಿಸಿ. ರೂಮ್ ಬುಕಿಂಗ್ ಆಮೇಲೆ.