ಹಾಲು ಕರೆದ ಮೇಲೆ ಹಸು ತಕ್ಷಣ ಮಲಗದಿರಲಿ
ಹಸಿ ಮೇವನ್ನು ಹಾಲು ಕರೆಯುವ ಮುಂಚೆ ಹಾಕಬೇಡಿ, ಕರೆದ ತಕ್ಷಣ ಹಾಕಿ. ಮೇಯುತ್ತಾ ಹಸು ಅರ್ಧ ಗಂಟೆಯಾದರೂ ನಿಂತೇ ಇರುತ್ತದೆ. ಕರೆದ ಮೇಲೆ ಮೊಲೆತೊಟ್ಟಿನ ತೂತು ಸರಿಯಾಗಿ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಅಷ್ಟರೊಳಗೆ ಸಗಣಿ, ಗಂಜಲದ ನೆಲದಲ್ಲಿ ಮಲಗಿದರೆ ರೋಗಾಣು ನೇರವಾಗಿ ಕೆಚ್ಚಲಿನೊಳಗೆ ಹೋಗಿ ಕೆಚ್ಚಲು ಬಾವು ಬರಬಹುದು. ಹಿಂಡಿ ಇಡದೆ ಹಾಲು ಬಿಡದ ಹಸುವಿಗೆ ಒಂದಿಷ್ಟು ಹಿಂಡಿ ಕೊಡಿ, ಮೇವು ಮಾತ್ರ ಆಮೇಲೆ. ಆದರೆ ಕರೆಯುವವರ ಕೈಯಿಂದ, ಮಷಿನ್‌ನಿಂದ ಒಂದು ಹಸುವಿನಿಂದ ಇನ್ನೊಂದಕ್ಕೆ ಹರಡುವ ಕೆಚ್ಚಲು ಬಾವನ್ನು ಇದು ತಡೆಯುವುದಿಲ್ಲ. ಅದಕ್ಕೆ ಕರೆದ ಕೂಡಲೇ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಲೇಬೇಕು. ಹಾಲು ಒಡೆದಂತೆ ಬಂದರೆ, ಕೆಚ್ಚಲು ಬಿಸಿಯಾಗಿ ಗಟ್ಟಿಯಾದರೆ ಅದೇ ದಿನ ಪಶುವೈದ್ಯರನ್ನು ಕರೆಸಿ. ನಾಳೆ ನೋಡೋಣ ಅಂತ ಬಿಟ್ಟರೆ ಆ ಮೊಲೆಯೇ ಬತ್ತಿಹೋಗಬಹುದು.